ದವಾಖಾನೆಯ ಮಾತುಗಳು

2006ರಲ್ಲಿ ನಮ್ಮ ಜಿಲ್ಲೆಗೆ ಚಿಕುನ್‌ಗುನ್ಯಾ ಬಂತು. ಆಗಿನ್ನೂ ಜಿಲ್ಲೆಯ ಹೆಸರು ಗುಲ್ಬರ್ಗಾ ಎಂದಿತ್ತು. ಸೇಡಂನ ನಮ್ಮ ಓಣಿಯಲ್ಲಿ ಮನೆಗೆ ಇಬ್ಬರಂತೆ ಮಲಗಿದ್ದರು. ಜ್ವರ ಮೂರು ದಿನಕ್ಕೆ ಇಳಿಯುತ್ತಿತ್ತು, ಕೀಲುನೋವು ಮಾತ್ರ ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಎದುರುಮನೆಯಾಕೆ ಬೆಳಿಗ್ಗೆ ಎದ್ದು ಗೋಡೆ ಹಿಡಿದು, ನಡು ಬಗ್ಗಿಸಿಕೊಂಡು ನಡೆಯುತ್ತಿದ್ದಳು. ಸೊರಗಿ ಕಡ್ಡಿಯಾಗಿದ್ದಳು. ಸ್ವಲ್ಪ ತತ್ತಿ, ಕೋಳಿಸಾರು ತಿನ್ನಬಾರದೇ ಎಂದು ಕೇಳಿದೆ.

"ಅಯ್ಯ, ಎಲ್ಲಾ ಬಿಟ್ಟೀನ್ರಿ ಟೀಚರ್. ಕೋಳಿಲಿಂದನ ಬಂದದಲ್ಲ ಈ ಬ್ಯಾನಿ. ಹೆಸರೇ ಹೇಳ್ತದ, ಚಿಕನ್ ಗುನ್ಯಾ."

ಹೀಗೆ ನಂಬಿದವಳು ಆಕೆ ಒಬ್ಬಳೇ ಅಲ್ಲ. ಬಜಾರಿನಲ್ಲಿ ಕೋಳಿ ಮಾರುವವನು ನೊಣ ಹೊಡೆಯುತ್ತ ಕುಳಿತಿದ್ದ. ನನಗೂ ಆ ಹೆಸರಿನ ಅರ್ಥ ಗೊತ್ತಿರಲಿಲ್ಲ. ಕೋಳಿ ಅಲ್ಲ, ಸೊಳ್ಳೆ ಎಂಬುದಷ್ಟೇ ಗೊತ್ತು. ಆಮೇಲೆ ಹುಡುಕಿ ಓದಿದಾಗ ತಿಳಿಯಿತು: ಇದು ಇಂಗ್ಲಿಷ್ ಮಾತೇ ಅಲ್ಲ. ಆಫ್ರಿಕದ ಟಾಂಜಾನಿಯಾ, ಮೊಜಾಂಬಿಕ್ ಗಡಿಯ ಮಕೊಂಡೆ ಜನರ ಮಾತು. 1952ರಲ್ಲಿ ಆ ಜನರ ಸೀಮೆಯಲ್ಲಿ ಈ ಜ್ವರ ಮೊದಲು ಗುರುತಿಗೆ ಬಂದಾಗ ಅವರು ಅದನ್ನು ಕರೆದದ್ದು ಹಾಗೆ. ಅರ್ಥ, 'ಬಗ್ಗಿಸುವಂಥದ್ದು' ಎಂದು. ಅಂದರೆ ಎದುರುಮನೆಯಾಕೆ ನಡು ಬಗ್ಗಿಸಿ ನಡೆಯುತ್ತಿದ್ದಳಲ್ಲ, ಅದೇ ಆ ಹೆಸರು. ರೋಗವನ್ನು ಆಕೆ ದಿನವೂ ಅಭಿನಯಿಸಿ ತೋರಿಸುತ್ತಿದ್ದಳು, ಹೆಸರು ಮಾತ್ರ ಆಕೆಗೆ ಮೋಸ ಮಾಡಿತ್ತು.

ಅಲ್ಲಿಂದ ನನಗೆ ಪದಗಳ ಹುಟ್ಟಿನ ಹುಚ್ಚು ಹಿಡಿಯಿತು. ನಾನು ಬಿ.ಎ., ಬಿ.ಇಡಿ. ಓದಿದವಳು, ಹಳ್ಳಿಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಹೇಳುವವಳು, ಭಾಷಾಶಾಸ್ತ್ರ ಕಲಿತವಳಲ್ಲ. ಆದರೆ ಪಾವೆಂ ಆಚಾರ್ಯರು 'ಕಸ್ತೂರಿ'ಯಲ್ಲಿ ಬರೆದ 'ಪದಾರ್ಥ ಚಿಂತಾಮಣಿ'ಯನ್ನು ಪುಸ್ತಕವಾಗಿ ಓದಿದೆ. ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ'ವನ್ನು 'ಪ್ರಜಾವಾಣಿ'ಯಲ್ಲಿ ಓದಿದ ನೆನಪು ಮೊದಲೇ ಇತ್ತು. 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡ ಆ ಹಿರಿಯರು, ಯಾವ ಊರಿನ ಯಾರು ಏನು ಕೇಳಿದರೂ ಸಿಟ್ಟಾಗದೆ ಉತ್ತರ ಹೇಳುತ್ತಿದ್ದರು. ಇಬ್ಬರ ಮೇಲೂ ನನಗೆ ಗುರುಭಾವವಿದೆ. ಆದರೂ ಓದಿ ಮುಗಿಸಿದಾಗ ಒಂದು ಕೊರತೆ ಕಾಡಿತು. ನನಗೆ ಬೇಕಿದ್ದದ್ದು ದವಾಖಾನೆಯ ಚೀಟಿಯಲ್ಲಿ, ವಿಜ್ಞಾನದ ಪಾಠದಲ್ಲಿ, ಔಷಧದ ಅಂಗಡಿಯಲ್ಲಿ ನಮ್ಮ ಹೆಣ್ಣುಮಕ್ಕಳ ಎದುರಿಗೆ ಬಂದು ನಿಲ್ಲುವ ಮಾತುಗಳ ಪುಸ್ತಕ. ಅಂಥದೊಂದನ್ನು ನಾನೇ ಪಾಠದ ನಡುವೆ ಚೂರುಚೂರಾಗಿ ಮಾಡಿಕೊಳ್ಳಬೇಕಾಯಿತು.

ಮೊದಲು ಸಿಕ್ಕಿದ್ದು 'ಪ್ಯೂಪಿಲ್'. ಪಾಠದಲ್ಲಿ ಅದಕ್ಕೆ ವಿದ್ಯಾರ್ಥಿ ಎಂಬ ಅರ್ಥ, ವಿಜ್ಞಾನದ ಪುಸ್ತಕದಲ್ಲಿ ಕಣ್ಣಿನ ನಡುವಿನ ಕಪ್ಪು. ಎರಡಕ್ಕೂ ಏನು ಸಂಬಂಧ ಎಂದು ಒಬ್ಬ ಹುಡುಗಿ ಕೇಳಿದಳು. ಲ್ಯಾಟಿನ್ನಿನಲ್ಲಿ 'ಪ್ಯುಪಿಲ್ಲಾ' ಎಂದರೆ ಪುಟ್ಟ ಹುಡುಗಿ, ಗೊಂಬೆ. ಇನ್ನೊಬ್ಬರ ಕಣ್ಣನ್ನು ಹತ್ತಿರದಿಂದ ನೋಡಿದರೆ ಅದರೊಳಗೆ ನಮ್ಮದೇ ಚಿಕ್ಕ ಗೊಂಬೆ ಕಾಣುತ್ತದೆ, ಅದಕ್ಕೆ ಆ ಹೆಸರು. ಇಷ್ಟು ಹೇಳುವಷ್ಟರಲ್ಲಿ ನನಗೇ ಮೈ ಜುಮ್ಮೆಂದಿತು. ಏಕೆಂದರೆ ಕನ್ನಡದಲ್ಲಿ ನಾವು ಏನನ್ನುತ್ತೇವೆ? ಕಣ್ಣಪಾಪೆ! ಪಾಪೆ ಎಂದರೂ ಗೊಂಬೆಯೇ. ರೋಮಿನವರು ನಮ್ಮನ್ನು ಕೇಳಿ ಇಟ್ಟದ್ದಲ್ಲ, ನಾವು ಅವರನ್ನು ಕೇಳಿ ಇಟ್ಟದ್ದಲ್ಲ. ಎರಡು ಕಡೆಯಲ್ಲೂ ಯಾರೋ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಅದರ ಕಣ್ಣಲ್ಲಿ ತನ್ನನ್ನು ನೋಡಿಕೊಂಡಿರಬೇಕು. ಅಂದು ಇಡೀ ತರಗತಿ ಒಬ್ಬರ ಕಣ್ಣಲ್ಲಿ ಒಬ್ಬರು ಇಣುಕಿ ನೋಡುತ್ತ ಗದ್ದಲ ಮಾಡಿತು. ಹೆಡ್‌ಮಾಸ್ತರರು ಬಾಗಿಲಿಗೆ ಬಂದು ನಿಂತರು.

'ಮಸಲ್' ಎಂದರೆ ಪುಟ್ಟ ಇಲಿ. ತೋಳು ಮಡಚಿದಾಗ ಚರ್ಮದ ಕೆಳಗೆ ಇಲಿ ಓಡಿದಂತೆ ಕಂಡಿತಂತೆ ಅವರಿಗೆ. ನಮಗೆ ಕಾಲಿನ ಹಿಂಭಾಗದಲ್ಲಿ ಮೀನು ಕಂಡಿತು, ಮೀನಖಂಡ ಎಂದೆವು. ಬ್ಯಾಂಡಿಕೂಟ್ ಎಂಬ ಪದವನ್ನು ಹೇಳಿಕೊಡಬೇಕಾಗಲೇ ಇಲ್ಲ. ಸೇಡಂ ಗಡಿಯ ಮಕ್ಕಳಿಗೆ ತೆಲುಗು ಬರುತ್ತದೆ, "ಪಂದಿಕೊಕ್ಕು ಟೀಚರ್" ಎಂದು ತಾವೇ ಕೂಗಿದರು. ಹಂದಿಯಂಥ ಇಲಿ, ನಮ್ಮ ಹೆಗ್ಗಣ. ಇಂಗ್ಲಿಷಿನವರು ಅದನ್ನು ನಮ್ಮ ಪಕ್ಕದ ಮನೆಯಿಂದಲೇ ಒಯ್ದಿದ್ದಾರೆ.

ಶಹಾಬಾದಿನಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಎಲ್ಲಿ ನೋಡಿದರೂ ಫರಸಿ ಕಲ್ಲು. ನೆಲಕ್ಕೆ, ಗೋಡೆಗೆ, ಅಡಿಗೆಮನೆಯ ಕಟ್ಟೆಗೆ. ಅದು ಸುಣ್ಣದ ಕಲ್ಲು. ಲ್ಯಾಟಿನ್ನಿನಲ್ಲಿ ಸುಣ್ಣಕ್ಕೆ 'ಕಾಲ್ಕ್ಸ್' ಎನ್ನುತ್ತಾರೆ. ಅದರಿಂದ ಕ್ಯಾಲ್ಸಿಯಂ ಬಂತು, ಬಾಣಂತಿಯರಿಗೆ ಕೊಡುವ ಗುಳಿಗೆಯ ಹೆಸರು. ಅದರಿಂದಲೇ ಚಾಕ್ ಬಂತು, ನಾನು ಮೂವತ್ತು ವರ್ಷ ಕೈಯಲ್ಲಿ ಹಿಡಿದದ್ದು (ಈಗಿನ ಚಾಕ್‌ಪೀಸು ಬಹಳ ಮಟ್ಟಿಗೆ ಜಿಪ್ಸಮ್, ಆ ಮಾತು ಬೇರೆ). ಅದರಿಂದಲೇ ಕ್ಯಾಲ್ಕುಲಸ್ ಬಂತು, ಚಿಕ್ಕ ಹರಳು ಎಂದರ್ಥ. ಹರಳಿಟ್ಟು ಎಣಿಸುತ್ತಿದ್ದರಿಂದ ಅದು ಗಣಿತದ ಹೆಸರಾಯಿತು. ಮೂತ್ರಪಿಂಡದಲ್ಲಿ ಹರಳಾದರೆ ಡಾಕ್ಟರು ಬರೆಯುವುದೂ ಅದೇ ಹೆಸರು. ವಾಡಿಯ ಸಿಮೆಂಟಿನ ಚೀಲ, ಶಹಾಬಾದಿನ ಫರಸಿ, ಶಾಲೆಯ ಚಾಕು, ನನ್ನ ಮೈದುನನ ಹೊಟ್ಟೆಯೊಳಗಿನ ಕಲ್ಲು, ಎಲ್ಲ ಒಂದೇ ಸುಣ್ಣದ ಮಕ್ಕಳು. ನಮ್ಮ ಸುಣ್ಣವಾದರೂ ಏನು, ಸಂಸ್ಕೃತದ ಚೂರ್ಣದ ತದ್ಭವ.

ಇಲ್ಲಿಗೆ ನನ್ನ ತಕರಾರಿಗೆ ಬರುತ್ತೇನೆ.

ಇಂಗ್ಲಿಷಿನ ವೈದ್ಯಕೀಯ ಪದ ಎಂದರೆ ನಾವು ಹೆದರುತ್ತೇವೆ. ಆದರೆ ಅದನ್ನು ಬಿಡಿಸಿ ನೋಡಿದರೆ ಒಳಗೆ ಇರುವುದು ಇಲಿ, ಗೊಂಬೆ, ಬಲೆ, ಹರಳು, ರೊಟ್ಟಿ. ಹೌದು, ರೊಟ್ಟಿ. ಹೆರಿಗೆಯ ನಂತರ ಬೀಳುವ ಪ್ಲಾಸೆಂಟಾ ಇದೆಯಲ್ಲ, ಆ ಹೆಸರಿಗೆ ಲ್ಯಾಟಿನ್ನಿನಲ್ಲಿ ಚಪ್ಪಟೆ ರೊಟ್ಟಿಯಂಥ ತಿನಿಸು ಎಂದರ್ಥ. ಹೆಸರಿಟ್ಟವನು ಅಡಿಗೆಮನೆಯ ಕಡೆ ನೋಡಿ ಇಟ್ಟಿದ್ದಾನೆ. ಅದನ್ನು ಕನ್ನಡಕ್ಕೆ ತರುವಾಗ ನಮ್ಮ ಪಂಡಿತರು ಏನು ಮಾಡಿದರು? 'ಜರಾಯು' ಎಂದರು. ಮಕ್ಕಳಿಗೆ ಜರಾಯು ಎಂದರೆ ರಾಮಾಯಣದ ಜಟಾಯುವಿನ ತಮ್ಮನಂತೆ ಕೇಳಿಸುತ್ತದೆ. ರೆಟಿನಾ ಎಂದರೆ ಬಲೆಯಂಥದ್ದು. ನಾವು ಮಾಡಿಕೊಂಡದ್ದು 'ಅಕ್ಷಿಪಟಲ'. ಎಲೆ ಬಿಸಿಲಲ್ಲಿ ತನ್ನ ಊಟ ತಾನು ಬೇಯಿಸಿಕೊಳ್ಳುವುದಕ್ಕೆ 'ದ್ಯುತಿಸಂಶ್ಲೇಷಣೆ'. ಇದನ್ನು ಬಾಯಿಪಾಠ ಮಾಡಿ ಹತ್ತನೆಯ ತರಗತಿಯಲ್ಲಿ ಫೇಲಾದ ಮಕ್ಕಳನ್ನು ನಾನು ಕಂಡಿದ್ದೇನೆ. ಎಲೆ ಏನು ಮಾಡುತ್ತದೆಂದು ಅವರಿಗೆ ಹೊಲದಲ್ಲಿ ಗೊತ್ತಿತ್ತು. ಒಂದು ಪರಭಾಷೆಯನ್ನು ಬಿಡಿಸಲು ಹೋಗಿ ಇನ್ನೊಂದು ಪರಭಾಷೆಯ ಗಂಟು ಹಾಕಿದಂತಾಯಿತು.

ಸೇಡಂಗೆ ಹತ್ತಿರದ ಮಳಖೇಡದಲ್ಲಿ ಅಮೋಘವರ್ಷನ ಆಸ್ಥಾನದಲ್ಲಿದ್ದ ಶ್ರೀವಿಜಯ 9ನೆಯ ಶತಮಾನದಲ್ಲೇ 'ಕವಿರಾಜಮಾರ್ಗ'ದಲ್ಲಿ ಎಚ್ಚರಿಸಿದ್ದಾನೆ: ಸಂಸ್ಕೃತ, ಕನ್ನಡಗಳನ್ನು ತಿಳಿಯದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು. ಹಾಲು ಒಡೆಯುವ ಸಂಕಟ ಯಾರಿಗೆ ಗೊತ್ತು, ನಮಗಲ್ಲವೇ? ಕನ್ನಡದಲ್ಲಿ ವೈದ್ಯವನ್ನು ಬರೆಯಲು ಸಾಧ್ಯವಿರಲಿಲ್ಲ ಎಂದೂ ಹೇಳುವಂತಿಲ್ಲ. 12ನೆಯ ಶತಮಾನದಲ್ಲೇ ಚಾಳುಕ್ಯರ ಮನೆತನದ ಕೀರ್ತಿವರ್ಮ 'ಗೋವೈದ್ಯ' ಬರೆದ, ಜಗದ್ದಳ ಸೋಮನಾಥ ಪೂಜ್ಯಪಾದನ ಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂದು ಕನ್ನಡಿಸಿದ.

ಹಾಗೆಂದು ಸಂಸ್ಕೃತವೆಲ್ಲ ಕೆಟ್ಟದ್ದು, ಹಳ್ಳಿಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಗರ್ಭಕೋಶ ಎಂಬ ಮಾತು ಸಂಸ್ಕೃತದ್ದೇ, ಎಷ್ಟು ತಿಳಿಯಾಗಿದೆ! ಪ್ಲಾಸೆಂಟಾಗೆ ಹಳೆಯ ಕನ್ನಡದ 'ಮಾಸು' ಒಳ್ಳೆಯದೇ, ಆದರೆ ಕೆಲವು ಕಡೆ ಅದಕ್ಕೆ 'ಕಸ' ಎನ್ನುತ್ತಾರೆ. ಒಂಬತ್ತು ತಿಂಗಳು ಕೂಸಿಗೆ ಉಣಿಸಿದ್ದನ್ನು ಕಸ ಎನ್ನುವುದು ಯಾವ ನ್ಯಾಯ? ಇಂಥಲ್ಲಿ ನನ್ನ ಮತ ರೊಟ್ಟಿಗೆ. ಇನ್ನು ಕಣ್ಣಿನ ಕ್ಯಾಟರಾಕ್ಟ್ ಎಂದರೆ ಜಲಪಾತ. ಚಿಂಚೋಳಿ ಕಾಡಿನ ಎತ್ತಿಪೋತದ ನೀರಿನ ಹಿಂದೆ ನಿಂತು ನೋಡಿದರೆ ಜಗತ್ತು ಹೇಗೆ ಬೆಳ್ಳಗೆ ಮಸುಕಾಗಿ ಕಾಣಬಹುದೋ ಹಾಗೆ. ಚೆನ್ನಾಗಿದೆ, ಆದರೂ ನಮ್ಮ 'ಪೊರೆ' ಅದಕ್ಕಿಂತ ಚೆನ್ನು. ಪೊರೆ ಕಳಚಬಹುದು ಎಂಬ ಧೈರ್ಯ ಆ ಮಾತಿನಲ್ಲೇ ಇದೆ. ನಮ್ಮ ಕಡೆಯ ಮುದುಕಿಯರು ಹೇಳುವುದು 'ಮೋತಿಬಿಂದು', ಕಣ್ಣಲ್ಲಿ ಕೂತ ಮುತ್ತು. ಅದನ್ನೂ ಬಿಡಲು ನನಗೆ ಮನಸ್ಸಿಲ್ಲ.

ಚಿತ್ತಾಪುರದ ಕಡೆಯ ಒಂದು ಶಾಲೆಯಲ್ಲಿ ನಡೆದದ್ದು. ಇಂಗ್ಲಿಷ್ ಪಾಠದಲ್ಲಿ 'ಪಿಜನ್ ಪೀ' ಬಂತು. ಜಾಣ ಹುಡುಗನೊಬ್ಬ ಎದ್ದು "ಪಾರಿವಾಳದ ಬಟಾಣಿ" ಎಂದ. ಎಲ್ಲರೂ ಬರೆದುಕೊಂಡರು. ಕಿಟಕಿಯಾಚೆ ಕಣ್ಣು ಹರಿಯುವವರೆಗೂ ಅದೇ ಬೆಳೆ ನಿಂತಿತ್ತು: ತೊಗರಿ! 2019ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಪಡೆದ ನಮ್ಮ ಕಲಬುರಗಿ ತೊಗರಿ. ಬೆಳಿಗ್ಗೆ ಅದರದೇ ಬೇಳೆ ಉಂಡು ಬಂದ ಮಕ್ಕಳು ಅದನ್ನು ಪರದೇಶದ ಕಾಳೆಂದು ತಿಳಿದರು. ಕೆರಿಬಿಯನ್ ಕಡಲಿನ ಬಾರ್ಬಡೋಸ್ ದ್ವೀಪದಲ್ಲಿ ಪಾರಿವಾಳಗಳಿಗೆ ಹಾಕುತ್ತಿದ್ದರೆಂದು ಇಂಗ್ಲಿಷಿನವರು ಇಟ್ಟ ಹೆಸರದು. ಕಾಳು ಹೋದದ್ದು ನಮ್ಮ ದೇಶದಿಂದ, ಹೆಸರು ಬಂದದ್ದು ಅವರ ಪಾರಿವಾಳದ ಗೂಡಿನಿಂದ.

ಈ ಹುಚ್ಚಿನಿಂದ ನಾನು ಒಮ್ಮೆ ಕೈಯನ್ನೂ ಸುಟ್ಟುಕೊಂಡಿದ್ದೇನೆ, ಅದನ್ನು ಮುಚ್ಚಿಡಬಾರದು. ದೇಶದಲ್ಲಿ ಕೋವಿಡ್‌ನಿಂದ ದಾಖಲಾದ ಮೊದಲ ಸಾವು 2020ರ ಮಾರ್ಚಿನಲ್ಲಿ ಕಲಬುರಗಿಯವರದೇ. ಅಂದಿನ ಹೆದರಿಕೆ ಹೇಳತೀರದು. 'ಕ್ವಾರಂಟೈನ್' ಎಂಬ ಮಾತು ಬಂತು. ಹಡಗಿನವರನ್ನು ನಲವತ್ತು ದಿನ ಹೊರಗೆ ನಿಲ್ಲಿಸುತ್ತಿದ್ದ ವೆನಿಸ್ ನಗರದ ಮಾತದು; ನಲವತ್ತು ಎಂದೇ ಅದರ ಅರ್ಥ. ನಮ್ಮ ಓಣಿಯ ಮುಸಲ್ಮಾನ ಗೆಳತಿಗೆ ಇದನ್ನು ಹೇಳಿದಾಗ ಆಕೆ ನಕ್ಕುಬಿಟ್ಟಳು: "ಅಂದ್ರ ನಮ್ಮ ಚಿಲ್ಲಾ ಅನ್ರಿ." ಹೆತ್ತವಳು ನಲವತ್ತು ದಿನ ಒಳಗಿರುವ ಚಿಲ್ಲಾ, ಪಾರ್ಸಿಯ ನಲವತ್ತು. ಇಷ್ಟು ಹೇಳಿದ ಮೇಲೆ ಆ ಮನೆಯ ಮುದುಕರೂ ಮರುಮಾತಿಲ್ಲದೆ ಒಳಗೆ ಕೂತರು. ಚಿಲ್ಲಾ ಎಂದರೆ ಶಿಕ್ಷೆಯಲ್ಲ, ಆರೈಕೆ.

ಆ ಉಬ್ಬಿನಲ್ಲಿ ಮರುವರ್ಷ ತಪ್ಪು ಮಾಡಿದೆ. ಲಸಿಕೆ ಬಂದಾಗ ಆಶಾ ಕಾರ್ಯಕರ್ತೆ ನನ್ನನ್ನು ಒಂದು ಹಳ್ಳಿಗೆ ಕರೆದೊಯ್ದಳು, ಹೆಂಗಸರಿಗೆ ಧೈರ್ಯ ಹೇಳಿರೆಂದು. ನಾನು ಹೋಗಿ, 'ವ್ಯಾಕ್ಸಿನ್' ಎಂದರೆ ಆಕಳಿಗೆ ಸಂಬಂಧಿಸಿದ್ದು, 1796ರಲ್ಲಿ ಜೆನ್ನರ್ ಎಂಬ ಡಾಕ್ಟರು ಆಕಳ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬು ತಡೆದ, ನಮ್ಮ ಹಿರಿಯರು 'ದೇವಿ ಹಾಕಿಸೋದು' ಎನ್ನುತ್ತಿದ್ದದ್ದು ಅದನ್ನೇ ಎಂದು ರಸವಾಗಿ ವರ್ಣಿಸಿದೆ. ಮರುದಿನ ಊರೆಲ್ಲ ಸುದ್ದಿ: ಈ ಸೂಜಿಯಲ್ಲಿ ಆಕಳ ಕೀವು ಇದೆಯಂತೆ, ಟೀಚರೇ ಹೇಳಿದರು! ಆಶಾ ಕಾರ್ಯಕರ್ತೆ ಎರಡು ವಾರ ನನ್ನ ಮುಖ ನೋಡಲಿಲ್ಲ. ಪದದ ಹುಟ್ಟೇ ಪದದ ಅರ್ಥವಲ್ಲ ಎಂಬುದು ಅಂದು ನನಗೆ ಸರಿಯಾಗಿ ನಾಟಿತು. ಮಲೇರಿಯಾ ಎಂದರೆ ಇಟಲಿಯ ಮಾತಿನಲ್ಲಿ ಕೆಟ್ಟ ಗಾಳಿ. ವಾಡಿಯಿಂದ ರೈಲು ಹತ್ತಿದರೆ ಸಿಗುವ ಸಿಕಂದರಾಬಾದಿನಲ್ಲೇ 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಅದರ ಜೀವಾಣು ಕಂಡ. ಗಾಳಿಯ ತಪ್ಪಲ್ಲ ಎಂದು ಗೊತ್ತಾಗಿ ನೂರು ವರ್ಷ ದಾಟಿದರೂ ಹೆಸರು ಬದಲಾಗಿಲ್ಲ.

ಆದರೆ ಗಾಳಿಯ ಮೇಲೆ ಹೊರಿಸಿದ ಸುಳ್ಳಿನಿಂದ ಗಾಳಿಗೇನೂ ನಷ್ಟವಿಲ್ಲ. ಹೆಂಗಸಿನ ಮೇಲೆ ಹೊರಿಸಿದ್ದು ಹಾಗಲ್ಲ.

ಗ್ರೀಕಿನಲ್ಲಿ 'ಹಿಸ್ಟೆರಾ' ಎಂದರೆ ಗರ್ಭಕೋಶ. ಅದು ಮೈಯೊಳಗೆ ಅಲೆದಾಡುತ್ತದೆ, ಹಾಗೆ ಅಲೆದಾಗ ಹೆಂಗಸಿಗೆ ಬುದ್ಧಿ ಕೆಡುತ್ತದೆ ಎಂದು ಆ ಕಾಲದವರು ನಂಬಿದ್ದರು. ಆ ನಂಬಿಕೆಯಿಂದ ಬಂದದ್ದು 'ಹಿಸ್ಟೀರಿಯಾ'. ನಾವು ಹುಡುಗಿಯರಾಗಿದ್ದಾಗ ಕತೆ, ಕಾದಂಬರಿ, ಸಿನಿಮಾಗಳಲ್ಲಿ ಎಷ್ಟು ಸಲ ಈ ಮಾತು ಕೇಳಿಲ್ಲ! ಅಳುವ ಸೊಸೆಗೆ ಹಿಸ್ಟೀರಿಯಾ, ಮದುವೆ ಒಲ್ಲೆನೆಂದವಳಿಗೆ ಹಿಸ್ಟೀರಿಯಾ. 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿದರು. ನಮ್ಮ ಬಾಯಿಂದ ಇನ್ನೂ ಹೋಗಿಲ್ಲ. ಇದನ್ನು ನಾನು ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಹೇಳಿದ್ದೆ. ಜೊತೆಗೆ ಪದ ಬಿಡಿಸುವ ಆಟವನ್ನೂ ಕಲಿಸಿದ್ದೆ: ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ, 'ಎಕ್ಟಮಿ' ಬಂದರೆ ಕತ್ತರಿಸಿ ತೆಗೆದದ್ದು.

ಕೆಲವು ದಿನದ ಮೇಲೆ ಅವರಲ್ಲೊಬ್ಬಳು, ತಾಂಡಾದ ಹುಡುಗಿ, ಶಾಲೆ ಬಿಟ್ಟ ಮೇಲೆ ನಿಂತಳು. ಮಡಚಿ ಮಡಚಿ ಸವೆದ ದವಾಖಾನೆಯ ಕಾಗದ ಕೈಯಲ್ಲಿತ್ತು.

"ಟೀಚರ್, ನಮ್ಮ ಯಾಡಿದು. ಗಡ್ಡಿ ತೆಗದಾರ ಅಂತ ಹೇಳ್ಯಾರ. ಆದ್ರ ಇದರಾಗ ನೀವು ಹೇಳಿದ ಮಾತು ಅದ."

ಇತ್ತು. ಹಿಸ್ಟೆರಾ, ಎಕ್ಟಮಿ, ಎರಡೂ ಸೇರಿ ಒಂದೇ ಪದವಾಗಿ. ಹುಡುಗಿ ಆಗಲೇ ಬಿಡಿಸಿಕೊಂಡಿದ್ದಳು. ನನ್ನಿಂದ ಅಲ್ಲ ಎನ್ನಿಸಿಕೊಳ್ಳಲು ಬಂದಿದ್ದಳು. ತಾಯಿಗೆ ಆಗ ಮೂವತ್ತಮೂರೋ ಮೂವತ್ನಾಲ್ಕೋ. ಬಿಳಿ ಹೋಗುತ್ತದೆ, ನಡು ನೋಯುತ್ತದೆ ಎಂದು ಹೋದವಳು. ಅಲ್ಲಿ ಆಕೆಗೆ ಹೇಳಿದ್ದು ಒಂದೇ ಮಾತು: ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ. ಸಾಲ ಮಾಡಿ, ಹೆಬ್ಬೆಟ್ಟು ಒತ್ತಿ ಬಂದಿದ್ದಳು.

ಇದು ಒಬ್ಬಳ ಕತೆಯಾಗಿರಲಿಲ್ಲ. 2015ರಲ್ಲಿ ಕಲಬುರಗಿ ಸುತ್ತಿನ ನೂರಾರು ಲಂಬಾಣಿ, ದಲಿತ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಸಂಗತಿ ಹೊರಬಿತ್ತು. ಅವರಲ್ಲಿ ಬಹಳ ಮಂದಿಗೆ ನಲವತ್ತೂ ಆಗಿರಲಿಲ್ಲ. ಹೆಂಗಸರು ಬೀದಿಗೆ ಬಂದು ಕೂತರು, ಸರಕಾರ ತನಿಖೆ ಮಾಡಿಸಿತು, ಕೆಲವು ಆಸ್ಪತ್ರೆಗಳ ಮೇಲೆ ಕ್ರಮವೂ ಆಯಿತು. ಪತ್ರಿಕೆಯಲ್ಲಿ ಅದನ್ನು ಓದುವಾಗ ನನಗೆ ಕಂಡದ್ದು ಆ ಸವೆದ ಕಾಗದ.

ಕ್ಯಾನ್ಸರ್ ಎಂದರೆ ಏಡಿ. ಗಂತಿಯ ಸುತ್ತ ಹರಡಿದ ನರಗಳು ಗ್ರೀಕರಿಗೆ ಏಡಿಯ ಕಾಲಿನಂತೆ ಕಂಡವು. ನಮ್ಮ ವೈದ್ಯ ಬರಹಗಾರರು ಅದನ್ನು ಹಿಡಿದು 'ಏಡಿಗಂತಿ' ಎಂಬ ಮಾತು ಬಳಸಿದ್ದಾರೆ. ಕನ್ನಡದಲ್ಲಿ ಹುಟ್ಟಿದ ವೈದ್ಯಪದಗಳಲ್ಲಿ ನನಗೆ ಇದಕ್ಕಿಂತ ಒಳ್ಳೆಯದು ಕಂಡಿಲ್ಲ. ಹಳ್ಳದ ದಂಡೆಯಲ್ಲಿ ಬೆಳೆದವರಿಗೆ ಏಡಿಯ ಹಿಡಿತ ಹೇಗಿರುತ್ತದೆಂದು ಹೇಳಿಕೊಡಬೇಕಿಲ್ಲ. ಪದಕೋಶದಲ್ಲೇ ಉಳಿದುಬಿಟ್ಟಿತು, ಯಾವ ದವಾಖಾನೆಯಲ್ಲೂ ನಾನು ಕೇಳಿಲ್ಲ. ಅಂದು ಆ ತಾಯಿಗೆ ಕ್ಯಾನ್ಸರ್ ಎನ್ನದೆ ಏಡಿಗಂತಿ ಎಂದಿದ್ದರೆ, "ಎಲ್ಲದ್ರಿ ಏಡಿ, ತೋರಸ್ರಿ" ಎಂದು ಕೇಳುತ್ತಿದ್ದಳೋ ಏನೋ. ಪರೀಕ್ಷೆಯ ಚೀಟಿ ಬೇಡುತ್ತಿದ್ದಳೋ ಏನೋ. ಕ್ಯಾನ್ಸರ್ ಎಂಬ ಮಾತಿಗೆ ಎದುರುಪ್ರಶ್ನೆ ಇಲ್ಲ, ಹೆದರಿಕೆ ಮಾತ್ರ ಇದೆ. ಪದಕೋಶದ ಸಮಿತಿಗಳಲ್ಲಿ ಒಬ್ಬ ಸೂಲಗಿತ್ತಿಯನ್ನೋ ಒಬ್ಬ ನರ್ಸಮ್ಮನನ್ನೋ ಕೂಡಿಸಿ ಎಂದು ನಾನು ಹೇಳಿದರೆ ನಗುವವರಿದ್ದಾರೆ. ನಗಲಿ.

ಆ ಸಂಜೆ ನಾನು ಹುಡುಗಿಗೆ ಸುಳ್ಳು ಹೇಳಲಿಲ್ಲ. ತಾಂಡಾಕ್ಕೆ ಅವಳ ಜೊತೆ ಹೋಗಿ ತಾಯಿಗೂ ಹೇಳಿದೆ. ಆಕೆ ಅಳಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಮೈ ಯಾಕ ಉರೀತದ ಅಂತ ಈಗ ತಿಳೀತು" ಎಂದಳು.

ಹುಡುಗಿ ಈಗ ನರ್ಸು, ಕಲಬುರಗಿಯಲ್ಲೇ ಕೆಲಸ. ಆಗಾಗ ಫೋನು ಮಾಡಿ ಒಂದೊಂದು ಪದ ಕೇಳುತ್ತಾಳೆ, ನಾನು ಪುಸ್ತಕ ತಿರುವಿ ಹೇಳುತ್ತೇನೆ. ಹೋದ ತಿಂಗಳು 'ಬಯಾಪ್ಸಿ' ಕೇಳಿದಳು. ಬಯಾಸ್ ಎಂದರೆ ಜೀವ, ಆಪ್ಸಿಸ್ ಎಂದರೆ ನೋಟ. ಜೀವಂತ ಚೂರು ತೆಗೆದು ನೋಡುವುದು ಎಂದೆ.

"ಅದು ತಿಳೀತ್ರಿ ಟೀಚರ್. ಕನ್ನಡದಾಗ ನಾನೂ ಹಂಗ ಹೇಳ್ದೆ. ಆದ್ರ ಇಲ್ಲಿ ನಮ್ಮ ತಾಂಡಾದ ಮುದುಕಿ ಬಂದಾಳ, ಆಕಿಗಿ ಕನ್ನಡ ಅಷ್ಟು ಬರಾಂಗಿಲ್ಲ. ನಮ್ಮ ಲಂಬಾಣಿ ಮಾತಿನಾಗ ಹೆಂಗ ಹೇಳ್ಲಿ?"

ಇಷ್ಟು ವರ್ಷ ಕನ್ನಡದ ಪರವಾಗಿ ವಾದ ಮಾಡಿದವಳಿಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಪುಸ್ತಕ ಮುಚ್ಚಿ ಹೇಳಿದೆ:

"ನನಗ ಗೊತ್ತಿಲ್ಲವ್ವ. ನಿಮ್ಮ ಯಾಡಿನ ಕೇಳು. ಆಕಿ ಏನಂತಾಳ ನನಗೂ ಹೇಳು, ಬರಕೋತೀನಿ."